ಎಸ್‌ಡಿಎಂಸಿ ಆಯ್ಕೆ ದಿನ ನೀವು ಎಲ್ಲಿದ್ದಿರಿ?

ಗ್ರಾಮ ಪಂಚಾಯ್ತಿ ಎಲೆಕ್ಷನ್ ಅಂದರೆ ಬೆಂಗಳೂರಿಗೆ ದುಡಿಯಲು ಹೋದವರೂ ರಾತ್ರಿ ಬಸ್ಸು ಹತ್ತಿ ಬಂದು ಓಟು ಹಾಕುತ್ತಾರೆ. ನಮ್ಮಲ್ಲೊಬ್ಬರ ಊರೂ ಹಾಗೆಯೇ. ಅದೇ ಊರಿನ ಸರ್ಕಾರಿ ಶಾಲೆಯ ಎಸ್‌ಡಿಎಂಸಿ ಆಯ್ಕೆಗೆ ಹೋದ ಸಲ ಬಂದವರು ಹತ್ತು ಹನ್ನೆರಡು ಜನ. ಯಾರೋ ಒಂದು ಹೆಸರು ಹೇಳಿದರು, ಉಳಿದವರು ತಲೆಯಾಡಿಸಿದರು, ಪುಸ್ತಕದಲ್ಲಿ ‘ಅವಿರೋಧ ಆಯ್ಕೆ’ ಎಂದು ಬರೆದಾಯಿತು.

ಜನಕ್ಕೆ ಶಾಲೆ ಮೇಲೆ ಕಾಳಜಿ ಇಲ್ಲ ಎಂದು ಮೇಷ್ಟ್ರು ಬೇಜಾರು ಮಾಡಿಕೊಂಡರು. ನಾವು ಒಪ್ಪುವುದಿಲ್ಲ. ಸಭೆ ಇಟ್ಟಿದ್ದು ಕಳೆ ತೆಗೆಯುವ ಕಾಲದಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ಒಂದು ದಿನದ ಕೂಲಿ ಬಿಟ್ಟು ಯಾವ ತಾಯಿ ಬರುತ್ತಾಳೆ? ನೋಟಿಸು ಎಷ್ಟೋ ಮಕ್ಕಳ ಬ್ಯಾಗಿನಲ್ಲೇ ಉಳಿದಿತ್ತು.

ಅದಕ್ಕಿಂತ ದೊಡ್ಡ ಕಾರಣ, ಈ ಸಮಿತಿ ಏನು ಮಾಡಬಹುದು ಎಂದು ಯಾರೂ ಹೇಳದೆ ಇರುವುದು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು. ಶಾಲೆಗೆ ಬಂದ ಅನುದಾನ ಹೇಗೆ ಖರ್ಚಾಯಿತು ಎಂದು ನೋಡುವುದು ಸಮಿತಿಯ ಕೆಲಸ. ಶಾಲಾ ಅಭಿವೃದ್ಧಿ ಯೋಜನೆ ಬರೆಯುವುದೂ ಅದೇ. ಸರ್ಕಾರ ಅನುದಾನ ಕೊಡಲು ಆ ಯೋಜನೆಯೇ ಆಧಾರವಾಗಬೇಕು ಎನ್ನುತ್ತದೆ ಕಾಯ್ದೆಯ 22ನೇ ಕಲಂ. ಅಂದರೆ ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಬೇಕು ಎಂದು ನಾವು ಬರೆಸದಿದ್ದರೆ, ಮೇಲೆ ಕೂತವರಿಗೆ ಅದು ಕಾಣುವುದೇ ಇಲ್ಲ.

ಹಾಗಾದರೆ ಸಭೆ ಯಾವಾಗ ಇಡಬೇಕು? ಡೈರಿಗೆ ಹಾಲು ಹಾಕಿದ ಮೇಲೆ, ಸಂಜೆ ಏಳಕ್ಕೆ ಎಂದು ನಮ್ಮಲ್ಲಿ ಕೆಲವರು ಹೇಳಿದರು. ಅದು ಗಂಡಸರಿಗೆ ಅನುಕೂಲ. ಹೆಂಗಸರು ಆಗ ಒಲೆ ಮುಂದೆ ಇರುತ್ತಾರೆ. ಬೇಸಾಯಕ್ಕೆ ರಜೆ ಇರುವ ಅಮಾವಾಸ್ಯೆ ದಿನವೋ, ಭಾನುವಾರದ ಮಧ್ಯಾಹ್ನವೋ ವಾಸಿ. ಹಿಂದಿನ ದಿನ ಆಟೋಗೆ ಮೈಕು ಕಟ್ಟಿ ಕೇರಿ ಕೇರಿಗೂ ಸಾರಲಿ. ಓಟಿಗೆ ಮೊದಲು ಹೋದ ವರ್ಷ ಬಂದ ದುಡ್ಡು, ಆದ ಖರ್ಚು ಎರಡನ್ನೂ ಹೆಡ್‌ಮೇಷ್ಟ್ರು ಕರಿಹಲಗೆ ಮೇಲೆ ಬರೆದು ಓದಲಿ. ದುಡ್ಡಿನ ಮಾತು ಬಂದರೆ ಜನ ಕೂರುತ್ತಾರೆ, ನೋಡಿ.

ಮತ್ತೆ ಆ ಕೈ ಎತ್ತಿಸುವುದು ಬೇಡ. ಯಾರ ಹೊಲದಲ್ಲಿ ಕೂಲಿ ಮಾಡುತ್ತೇವೋ ಅವರ ಎದುರಿಗೇ ಬೇರೆಯವರಿಗೆ ಕೈ ಎತ್ತುವುದು ಹೇಗೆ? ಎಷ್ಟೋ ಶಾಲೆಗಳಲ್ಲಿ ಶಾಲಾ ಸಂಸತ್ತಿಗೆ ಮಕ್ಕಳು ಗುಟ್ಟಾಗಿ ಓಟು ಹಾಕುತ್ತಾರೆ, ಮೊಬೈಲನ್ನೇ ಮತಯಂತ್ರ ಮಾಡಿಕೊಂಡು. ಅಪ್ಪ ಅಮ್ಮಂದಿರಿಗೆ ಒಂದು ಚೀಟಿ, ಒಂದು ಡಬ್ಬಿ ಸಾಕು. ಓದು ಬಾರದವರಿಗೆ ಕೊಡೆ, ಪೆನ್ಸಿಲ್ಲು ಅಂತ ಗುರುತು ಬರೆದುಕೊಡಿ.

ನಿಮ್ಮ ಶಾಲೆಯ ಸಮಿತಿಯ ಅವಧಿ ಯಾವಾಗ ಮುಗಿಯುತ್ತದೆ? ನಾಳೆ ಮಗುವನ್ನು ಬಿಡಲು ಹೋದಾಗ ಹೆಡ್‌ಮೇಷ್ಟ್ರನ್ನು ಕೇಳಿ ಬನ್ನಿ.