ಮಾರಿಯೋ ಕನ್ನಡದಲ್ಲಿ ಜಿಗಿಯುವುದು ಯಾವಾಗ?

ಕನ್ನಡದ ತರುಣರೇ,

1985ರಲ್ಲಿ ಜಪಾನಿನ ನಿಂಟೆಂಡೋ ಕಂಪನಿ ತಂದ 'ಸೂಪರ್ ಮಾರಿಯೋ ಬ್ರದರ್ಸ್' ನಿಮ್ಮಲ್ಲಿ ಬಹಳ ಮಂದಿ ಆಡಿದ್ದೀರಿ. ನಾನೂ ಆಡಿದ್ದೇನೆ. ಅದರಲ್ಲಿ ಮೋಡಿಯಿದೆ, ಒಪ್ಪಲೇಬೇಕು. ಗುಂಡಿಗೆ ಬಿದ್ದರೆ ತಪ್ಪು ನಮ್ಮದೇ. ಅದಕ್ಕೇ ಮತ್ತೆ ಆಡುವ ಹಟ. 32 ಹಂತಗಳ ಇಡೀ ಆಟ ಬರೀ 40 ಕಿಲೋಬೈಟ್! ನನ್ನ ಪ್ರೆಸ್ಸಿಗೆ ಬರುವ ಮದುವೆ ಕಾರ್ಡಿನ ಫೋಟೋ ಇದಕ್ಕಿಂತ ದೊಡ್ಡದು.

ಕೊರತೆಯೂ ಇದೆ. ಮುಂದೆ ಸರಿದ ಪರದೆ ಹಿಂದಕ್ಕೆ ಬಾರದು. ಅರ್ಧ ಆಡಿ ಉಳಿಸಿಡುವಂತಿಲ್ಲ. ರಾಜಕುಮಾರಿಗೆ ಸೆರೆಯಲ್ಲಿ ಕಾಯುವುದೊಂದೇ ಕೆಲಸ. ಕೋಟೆ ಗೆದ್ದಾಗ ಸಿಗುವ ಮಾತೂ ಇಂಗ್ಲಿಷಿನದೇ!

ಆಗ ನೆಪವಿತ್ತು. ಆ ಯಂತ್ರ ಚಿತ್ರ, ಅಕ್ಷರ ಎಲ್ಲವನ್ನೂ 8×8 ಚುಕ್ಕಿಗಳ ಚೌಕಗಳಲ್ಲಿ ಕೂರಿಸುತ್ತಿತ್ತು. ಇಂಗ್ಲಿಷ್ ಅಕ್ಷರ ಕೂತಿತು. ನಮ್ಮ ಒತ್ತಕ್ಷರ ಎಲ್ಲಿ ಕೂರಬೇಕು? ಅಚ್ಚಿನ ಮೊಳೆ ಜೋಡಿಸಿದ ಹಿರಿಯರಿಗೆ ಈ ಕಷ್ಟ ಗೊತ್ತು. ಇಂದು ಮೊಬೈಲಿನಲ್ಲಿ ಕನ್ನಡ ಸಲೀಸಾಗಿ ಮೂಡುತ್ತದೆ. ಇನ್ನೆಲ್ಲಿಯ ನೆಪ?

ಸಮುದ್ರ ಜಿಗಿದ ಹನುಮ ಹುಟ್ಟಿದ್ದು ನಮ್ಮ ಗಂಗಾವತಿ ತಾಲ್ಲೂಕಿನ ಅಂಜನಾದ್ರಿಯಲ್ಲಿ ಎಂದು ಜನ ನಂಬುತ್ತಾರೆ. ಬೆಟ್ಟ, ಬಂಡೆ, ತುಂಗಭದ್ರೆ, ಆನೆಗುಂದಿಯ ಕೋಟೆ: ಜಿಗಿಯುವ ಆಟಕ್ಕೆ ಇನ್ನೇನು ಬೇಕು? ಶ್ರೀರಾಮನಗರದಿಂದ ಕೂಗಿ ಹೇಳುತ್ತೇನೆ, ಬೆಂಗಳೂರಿನಲ್ಲಿ ಕೂತು ಪರದೇಶಕ್ಕೆ ಪ್ರೋಗ್ರಾಂ ಬರೆಯುವ ತಮ್ಮಂದಿರೇ, ತಂಗಿಯರೇ, ನಿಮ್ಮ ಊರಿಗೂ ಒಂದು ಬರೆಯಿರಿ.

ಅಂಗಡಿ ಫಲಕದಲ್ಲಿ ಶೇ. 60 ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ಬಂತು. ಮಕ್ಕಳ ಕೈಯಲ್ಲಿರುವ ಪರದೆಗೆ ಯಾವ ಕಾನೂನೂ ಬಾರದು. ಅಲ್ಲಿ ಕನ್ನಡ ತರಬೇಕಾದವರು ನೀವೇ. ನಮ್ಮ ಮಗು ಮೊದಲು ಓದುವ ಮಾತು 'ಗೇಮ್ ಓವರ್' ಆಗದಿರಲಿ!

ಸಿರಿಗನ್ನಡಂ ಗೆಲ್ಗೆ!