ಕೋಗಿಲೆ ಹಾಡುಹಕ್ಕಿಯಲ್ಲ, ಕಾಗೆ ಹೌದು!

ಯಾರಾದರೂ ಸ್ವಲ್ಪ ಚೆನ್ನಾಗಿ ಹಾಡಿದರೆ ಸಾಕು, "ಆಹಾ, ಕೋಗಿಲೆ ಕಂಠ!" ಅಂದುಬಿಡ್ತೀವಿ. ಈ ಹೊಗಳಿಕೆ ಬಗ್ಗೆ ನನ್ನದೊಂದು ತಕರಾರಿದೆ. ಪಕ್ಷಿವಿಜ್ಞಾನದ ಲೆಕ್ಕದಲ್ಲಿ ಕೋಗಿಲೆ ಹಾಡುಹಕ್ಕಿಗಳ ಗುಂಪಿಗೆ ಸೇರಿದ್ದೇ ಅಲ್ಲ, ಅದರ ವಂಶವೇ ಬೇರೆ. ಹಾಗಾದ್ರೆ ಆ ಗುಂಪಿನಲ್ಲಿ ಇರೋರು ಯಾರು? ಮಡಿವಾಳ ಹಕ್ಕಿ, ಪಿಕಳಾರ, ಕಾಜಾಣ, ಮೈನಾ, ಗುಬ್ಬಿ... ಮತ್ತೆ ನಮ್ಮ ಕಾಗೆ! ನಗಬೇಡಿ, ನಿಜವಾಗ್ಲೂ :-)

ತಮಾಷೆ ಹಾಗಿರಲಿ. ಹಾಡುಹಕ್ಕಿ ಅಂತ ಕರೆಯೋದು ಇಂಪಿಗೆ ಕೊಟ್ಟ ಬಿರುದಲ್ಲ. ಅದಕ್ಕೆ ಕಾರಣ ಅವುಗಳ ವಂಶ ಮತ್ತು ದೇಹರಚನೆ. ಅದರ ಜೊತೆಗೆ ಇನ್ನೊಂದು ದೊಡ್ಡ ಗುಣವೂ ಇದೆ, ಅದನ್ನು ಆಮೇಲೆ ಹೇಳ್ತೀನಿ. ಮೊದಲು ಯಂತ್ರದ ವಿಷಯ ನೋಡೋಣ.

ನಮ್ಮ ಧ್ವನಿಪೆಟ್ಟಿಗೆ ಇರೋದು ಗಂಟಲಲ್ಲಿ, ಶ್ವಾಸನಾಳದ ಮೇಲ್ತುದಿಯಲ್ಲಿ. ಎದೆಯಿಂದ ಬಂದ ಗಾಳಿಗೆ ಎರಡು ಧ್ವನಿತಂತುಗಳು ಅದುರುತ್ತವೆ. ಮಾತಾಡುವಾಗ ಗಂಡಸರಲ್ಲಿ ಸೆಕೆಂಡಿಗೆ ನೂರು ಚಿಲ್ಲರೆ ಸಲ, ಹೆಂಗಸರಲ್ಲಿ ಸುಮಾರು ೨೦೦ ಸಲ. ಅಷ್ಟೇ ಆದರೆ ಬರೀ ಗುಂಯ್ ಅನ್ನೋ ಸದ್ದು. ಅದನ್ನ ಅಕ್ಷರ ಮಾಡೋದು ನಾಲಿಗೆ, ಹಲ್ಲು, ತುಟಿ. ನಮ್ಮ ಕ-ಚ-ಟ-ತ-ಪ ವರ್ಗಗಳನ್ನೇ ನೋಡಿ. ಬಾಯಿಯ ಹಿಂಭಾಗದಿಂದ ಶುರುವಾಗಿ ತುಟಿಗೆ ಬಂದು ಮುಗಿಯುತ್ತೆ. ನಮ್ಮ ವರ್ಣಮಾಲೆ ಅಂದರೆ ಬಾಯಿಯ ನಕ್ಷೆಯೇ!

ಹಕ್ಕಿಗೂ ಗಂಟಲಲ್ಲಿ ನಮ್ಮಂಥದೇ ಒಂದು ಪೆಟ್ಟಿಗೆ ಇದೆ, ಆದರೆ ಅದರ ದನಿ ಹುಟ್ಟೋದು ಅಲ್ಲಲ್ಲ. ಎದೆಯೊಳಗೆ, ಶ್ವಾಸನಾಳ ಎರಡಾಗಿ ಕವಲೊಡೆಯುವ ಕಡೆ ಸಿರಿಂಕ್ಸ್ ಅನ್ನೋ ಅಂಗವಿದೆ, ಅಲ್ಲಿ. ಹಾಡುಹಕ್ಕಿಗಳಲ್ಲಿ ಎಡಗವಲಿಗೊಂದು, ಬಲಗವಲಿಗೊಂದು ದನಿಯ ಮೂಲ. ಎರಡಕ್ಕೂ ಬೇರೆ ಬೇರೆ ಸ್ನಾಯು, ಬೇರೆ ಬೇರೆ ನರ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಡ್ಯುಯಲ್ ಕೋರ್! ಅಮೆರಿಕದ ವುಡ್ ತ್ರಶ್ ಒಂದೇ ಕ್ಷಣದಲ್ಲಿ ಎರಡು ಸ್ವರ ಹಾಡುತ್ತೆ. ಅಲ್ಲಿನದೇ ಕಾರ್ಡಿನಲ್ ಹಕ್ಕಿ ಕೆಳಗಿನ ಸ್ವರಗಳನ್ನ ಎಡಗಡೆಯಿಂದ, ಮೇಲಿನದನ್ನ ಬಲಗಡೆಯಿಂದ ಹೊರಡಿಸುತ್ತೆ. ನಡುವೆ ಎಲ್ಲಿ ಬದಲಾಯಿಸಿತು ಅಂತ ಕೇಳೋರಿಗೆ ಗೊತ್ತೇ ಆಗಲ್ಲ. ಕ್ಯಾನರಿಯಂತೂ ಸೆಕೆಂಡಿಗೆ ೨೦ಕ್ಕೂ ಹೆಚ್ಚು ಸ್ವರ ಉದುರಿಸುತ್ತಾ, ಪ್ರತಿ ಎರಡು ಸ್ವರದ ಮಧ್ಯೆ ಒಂದು ಪುಟ್ಟ ಉಸಿರು ಎಳೆದುಕೊಳ್ಳುತ್ತೆ.

ಇಷ್ಟೆಲ್ಲ ವ್ಯತ್ಯಾಸ ಇದ್ದರೂ, ಗಾಳಿ ತಳ್ಳಿದಾಗ ಅಂಗಾಂಶ ಅದುರಿ ಸದ್ದಾಗುವ ಭೌತಶಾಸ್ತ್ರ ನಮ್ಮಲ್ಲೂ ಹಕ್ಕಿಗಳಲ್ಲೂ ಒಂದೇ ಅಂತ ಕೋಯೆನ್ ಎಲೆಮನ್ಸ್ ಮತ್ತು ಸಂಗಡಿಗರು ೨೦೧೫ರಲ್ಲಿ ತೋರಿಸಿದರು.

ಸರಿ, ಹಾರ್ಡ್‌ವೇರ್ ಆಯ್ತು. ನನಗೆ ನಿಜವಾಗಿ ಮುಖ್ಯ ಅನ್ನಿಸೋದು ಸಾಫ್ಟ್‌ವೇರ್.

ಕೋಗಿಲೆ ಮರಿ ಬೆಳೆಯೋದು ಕಾಗೆ ಗೂಡಲ್ಲಿ. ಕಣ್ಣು ಬಿಟ್ಟಾಗಿನಿಂದ ಹತ್ತಿರದಲ್ಲಿ ಕೇಳೋದು "ಕಾ ಕಾ". ಆದರೂ ದೊಡ್ಡದಾದ ಮೇಲೆ ಗಂಡು ಕೋಗಿಲೆ ಕೂಗೋದು "ಕುಹೂ" ಅಂತಲೇ. ಅದನ್ನ ಯಾರೂ ಕಲಿಸಿಲ್ಲ. ಫೋನಿನ ಜೊತೆ ಕಂಪನಿಯಿಂದಲೇ ಬಂದ ರಿಂಗ್‌ಟೋನ್ ಥರ.

ಹಾಡುಹಕ್ಕಿಗೆ ಆ ಭಾಗ್ಯ ಇಲ್ಲ. ಅದು ಕೇಳಿ ಕಲೀಬೇಕು. ಕೇಂಬ್ರಿಜ್‌ನ ವಿಲಿಯಂ ಥಾರ್ಪ್ ೧೯೫೦ರ ದಶಕದಲ್ಲಿ ಚಾಫಿಂಚ್ ಮರಿಗಳನ್ನ ದೊಡ್ಡ ಹಕ್ಕಿಗಳ ದನಿ ಕೇಳದ ಹಾಗೆ ಸಾಕಿ ನೋಡಿದರು. ಅವು ದೊಡ್ಡವಾದಾಗ ಹಾಡಿದ್ದು ಅರೆಬರೆ ಹಾಡು. ಪೀಟರ್ ಮಾರ್ಲರ್ ಮತ್ತು ಮಿವಾಕೊ ತಮುರಾ ೧೯೬೪ರಲ್ಲಿ ಇನ್ನೊಂದು ಸಂಗತಿ ಬರೆದರು. ಸ್ಯಾನ್‌ಫ್ರಾನ್ಸಿಸ್ಕೋ ಸುತ್ತಮುತ್ತ ಇರುವ ಬಿಳಿನೆತ್ತಿಯ ಗುಬ್ಬಚ್ಚಿ ಜಾತಿಯ ಹಕ್ಕಿಗಳಿಗೆ ಊರೂರಿಗೂ ಬೇರೆ ಬೇರೆ ಹಾಡು. ಧಾರವಾಡದ ಕನ್ನಡ, ಮಂಗಳೂರು ಕನ್ನಡ ಇದ್ದಂಗೆ! ಅದೇ ಜಾತಿಯ ಮರಿಗಳಿಗೆ ಕಿವಿ ಕೇಳದಂತೆ ಮಾಡಿದರೆ, ಮೊದಲೇ ಹಾಡು ಕೇಳಿಸಿಕೊಂಡಿದ್ದರೂ ಸರಿಯಾಗಿ ಹಾಡೋಕೆ ಬರಲ್ಲ ಅಂತ ಮಸಕಜು ಕೊನಿಷಿ ೧೯೬೫ರಲ್ಲಿ ತೋರಿಸಿದರು. ತನ್ನ ದನಿಯನ್ನ ತಾನೇ ಕೇಳಿ ತಿದ್ದಿಕೊಳ್ಳೋದೂ ಕಲಿಕೆಯ ಭಾಗ.

ನಾವು ಮನುಷ್ಯರು ಯಾವ ಪಕ್ಷ? ಅನುಮಾನವೇ ಬೇಡ, ಕಾಗೆ ಪಕ್ಷ.

ಇಷ್ಟು ಉದ್ದ ಯಾಕೆ ಬರೆದೆ ಅಂದರೆ, ನನ್ನ ಸುತ್ತ ಒಂದು ಮಾತು ಪದೇ ಪದೇ ಕೇಳ್ತಾ ಇದೀನಿ. ಅಪ್ಪ ಅಮ್ಮ ಇಬ್ಬರೂ ಅಚ್ಚ ಕನ್ನಡಿಗರು, ಮನೆಯಲ್ಲಿ ಮಗು ಜೊತೆ ಮಾತ್ರ ಬರೀ ಇಂಗ್ಲಿಷು. ಕೇಳಿದರೆ, "ಕನ್ನಡ ಎಲ್ಲಿ ಹೋಗುತ್ತೆ ಮಾರಾಯ, ರಕ್ತದಲ್ಲೇ ಇದೆ, ದೊಡ್ಡವನಾದ ಮೇಲೆ ತಾನಾಗಿ ಬರುತ್ತೆ" ಅಂತಾರೆ. ನಮ್ಮ ಅಕ್ಕನ ಮನೆಯಲ್ಲೂ ಇದೇ ಕಥೆ. ಊರಿಂದ ಅಮ್ಮ ಫೋನ್ ಮಾಡಿದರೆ ನಾಲ್ಕು ವರ್ಷದ ಮೊಮ್ಮಗನಿಗೆ ಅಜ್ಜಿ ಹೇಳಿದ್ದು ಅರ್ಧ ಅರ್ಥ ಆಗಲ್ಲ. ಅಮ್ಮ ಎರಡು ನಿಮಿಷ ಮಾತಾಡಿ, "ಅವನ ಅಮ್ಮನಿಗೆ ಕೊಡಪ್ಪಾ" ಅಂತಾಳೆ.

ರಕ್ತದಲ್ಲಿ ಏನೂ ಇಲ್ಲ ಸ್ವಾಮಿ. ಇರೋದೆಲ್ಲ ಕಿವಿಯಲ್ಲಿ. "ತಾನಾಗಿ ಬರುತ್ತೆ" ಅನ್ನೋದು ಕೋಗಿಲೆ ಸಿದ್ಧಾಂತ, ನಮಗೆ ಹೊಂದಲ್ಲ.

"ದೊಡ್ಡವರಾದ ಮೇಲೂ ಜನ ಭಾಷೆ ಕಲಿಯಲ್ವಾ?" ಅಂತ ನೀವು ಕೇಳಬಹುದು. ಕಲೀತಾರೆ, ಆ ವಿಷಯದಲ್ಲಿ ನಾವು ಹಕ್ಕಿಗಿಂತ ಅದೃಷ್ಟವಂತರು. ಆದರೆ ಇಪ್ಪತ್ತನೇ ವಯಸ್ಸಲ್ಲಿ ಪುಸ್ತಕ ಇಟ್ಟುಕೊಂಡು ಕಲಿತ ಕನ್ನಡದಲ್ಲಿ ಅಜ್ಜಿ ಜೊತೆ ಜಗಳ ಆಡೋಕೆ ಆಗುತ್ತಾ? ಅಷ್ಟು ಹೊತ್ತಿಗೆ ಅಜ್ಜಿ ಇರಬೇಕಲ್ಲ!

"ಯೂಟ್ಯೂಬಿನಲ್ಲಿ ಕನ್ನಡ ಶಿಶುಗೀತೆ ಹಾಕ್ತೀವಲ್ಲ" ಅನ್ನೋದು ಇನ್ನೊಂದು ಸಮಜಾಯಿಷಿ. ೨೦೦೩ರಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಒಂಬತ್ತು ತಿಂಗಳ ಅಮೆರಿಕನ್ ಮಕ್ಕಳಿಗೆ ಚೀನೀ ಮ್ಯಾಂಡರಿನ್ ಕೇಳಿಸಿದರು. ಎದುರು ಕೂತು ಆಡಿಸುತ್ತಾ ಮಾತಾಡಿದಾಗ ಮಕ್ಕಳು ಆ ಭಾಷೆಯ ಸದ್ದುಗಳ ವ್ಯತ್ಯಾಸ ಕಲಿತವು. ಅದೇ ಮಾತನ್ನ ವಿಡಿಯೋದಲ್ಲಿ ತೋರಿಸಿದಾಗ ಕಲಿಯಲಿಲ್ಲ. ಹಕ್ಕಿಗಳದ್ದೂ ಹೆಚ್ಚು ಕಡಿಮೆ ಹೀಗೇ. ಬಿಳಿನೆತ್ತಿಯ ಹಕ್ಕಿ ಟೇಪ್ ಕೇಳಿ ಕಲಿಯೋದು ೫೦ ದಿನದ ಒಳಗೆ ಮಾತ್ರ ಅಂತ ಮಾರ್ಲರ್ ಕಂಡಿದ್ದರು. ಜೀವಂತ ಗುರು ಜೊತೆಗಿದ್ದರೆ ಆಮೇಲೂ ಕಲಿಯುತ್ತೆ ಅಂತ ೧೯೮೪ರಲ್ಲಿ ಬ್ಯಾಪ್ಟಿಸ್ಟಾ ಮತ್ತು ಪೆಟ್ರಿನೋವಿಚ್ ತೋರಿಸಿದರು.

ಗುರುಗಳೇ ಕಡಿಮೆ ಆದರೆ ಏನಾಗುತ್ತೆ? ಆಸ್ಟ್ರೇಲಿಯಾದಲ್ಲಿ ರೀಜೆಂಟ್ ಹನೀಈಟರ್ ಅನ್ನೋ ಹಕ್ಕಿ ಇದೆ. ಕಾಡಲ್ಲಿ ಉಳಿದಿರೋದು ಕೆಲವೇ ನೂರು. ಮರಿಗಳಿಗೆ ಹಾಡು ಕಲಿಸೋಕೆ ಸುತ್ತ ತಮ್ಮ ಜಾತಿಯ ಹಿರಿಯರೇ ಇಲ್ಲ. ೨೦೨೧ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ನೂರಕ್ಕೆ ೧೨ರಷ್ಟು ಗಂಡುಗಳು ಹಾಡುತ್ತಿದ್ದುದು ಬೇರೆ ಜಾತಿಯ ಹಕ್ಕಿಗಳ ಹಾಡನ್ನು! ಹಾಡು ಸರಿಯಿಲ್ಲದ ಗಂಡುಗಳಿಗೆ ಜೋಡಿ ಸಿಗೋದೂ ಕಡಿಮೆ. ಸಿರಿಂಕ್ಸ್ ಗಟ್ಟಿಮುಟ್ಟಾಗೇ ಇದೆ, ಎರಡು ಕವಲೂ ನೆಟ್ಟಗಿವೆ. ಹಾಡು ಮಾತ್ರ ಇಲ್ಲ.

ಕೋಟಿಗಟ್ಟಲೆ ಕನ್ನಡಿಗರಿಗೆ ಆ ಗತಿ ನಾಳೆಯೇ ಬರುತ್ತೆ ಅಂತ ನಾನು ಹೆದರಿಸ್ತಾ ಇಲ್ಲ. ಆದರೆ ಒಂದು ಮಗುವಿನ ಮಟ್ಟಿಗೆ ಅದರ ಕಾಡು ಅಂದರೆ ಅದರ ಮನೆ. ಆ ಕಾಡಲ್ಲಿ ಹಾಡಬೇಕಾದೋರು ಇಬ್ಬರೋ ಮೂವರೋ. ಅವರೂ ಸುಮ್ಮನಾದರೆ ಹೊರಗೆ ಎಷ್ಟು ಕೋಟಿ ಇದ್ದರೇನು? ರಾಜ್ಯೋತ್ಸವಕ್ಕೆ ಬಾವುಟ ಹಾರಿಸಿ, ನಾವು ಇಲ್ಲಿ ಇಷ್ಟುದ್ದ ಬರೆದು, ಮಗುವನ್ನ ಮಲಗಿಸುವಾಗ ಬೇರೆ ಭಾಷೆ ಆಡಿದರೆ ಲೆಕ್ಕ ತಾಳೆ ಆಗಲ್ಲ.

ಇಂಗ್ಲಿಷ್ ಬೇಡ ಅನ್ನೋ ಮೂರ್ಖತನ ನನಗಿಲ್ಲ, ನನ್ನ ಅನ್ನ ಅದರಲ್ಲೇ ಇದೆ. ಶಾಲೆ, ಟೀವಿ, ಪಕ್ಕದ ಮನೆ ಎಲ್ಲ ಸೇರಿ ಅದನ್ನ ಕಲಿಸುತ್ತವೆ. ಅಜ್ಜಿಯ ಕನ್ನಡ ಕಲಿಸೋಕೆ ಮಾತ್ರ ಮನೆಯವರನ್ನ ಬಿಟ್ಟರೆ ಬೇರೆ ಯಾರೂ ಇಲ್ಲ. ಸ್ನಾನ ಮಾಡಿಸುವಾಗ, ತುತ್ತು ಇಡುವಾಗ, ಬೈಯುವಾಗ ಕನ್ನಡ ಆಡಿ. ಸಾಕು, ಅದಕ್ಕೆ ಫೀಸೂ ಇಲ್ಲ.

ನಿಮ್ಮ ಮನೆಗಳಲ್ಲಿ ಹೇಗೆ? ನೀವೇನಂತೀರಿ?