ಬಟ್ಟೆ ಹೊದ್ದ ವಿಮಾನ, ಉಕ್ಕಿನ ಹಡಗು

ಇತಿಹಾಸದ ಪರೀಕ್ಷೆಯಲ್ಲಿ ‘ಹೀಗಾಗದಿದ್ದರೆ ಏನಾಗುತ್ತಿತ್ತು?’ ಎಂದು ಯಾರೂ ಕೇಳುವುದಿಲ್ಲ. ಮನೆಯಲ್ಲಿ ಮಕ್ಕಳು ಕೇಳಿದರೆ ‘ಆಗಿದ್ದನ್ನು ಮೊದಲು ಓದು’ ಎಂಬ ಉತ್ತರ ಸಿಗುತ್ತದೆ. ಆದರೆ ಯಂತ್ರಗಳ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಬೆಲೆಯಿದೆ. ಎರಡು ಮಹಾಯುದ್ಧಗಳ ನಡುವೆ ಬ್ರಿಟನ್ ಕಟ್ಟಿದ ಬಾಂಬರ್ ಮತ್ತು ಟಾರ್ಪೆಡೊ ವಿಮಾನಗಳನ್ನೇ ನೋಡಿ.

ಟಾರ್ಪೆಡೊ ತನ್ನದೇ ಎಂಜಿನ್ನಿನಿಂದ ನೀರೊಳಗೆ ಸಾಗಿ ಹಡಗಿನ ಮಗ್ಗುಲಿಗೆ ಬಡಿದು ಸಿಡಿಯುವ ಅಸ್ತ್ರ. ಬಾಂಬು ಹಡಗನ್ನು ಮೇಲಿನಿಂದ ಒಡೆದರೆ ಇದು ನೀರಿನ ಮಟ್ಟದ ಕೆಳಗೆ ತೂತು ಮಾಡುತ್ತದೆ. 1915ರ ಆಗಸ್ಟ್ 12ರಂದು ಡಾರ್ಡನೆಲ್ಸ್ ಬಳಿ ಚಾರ್ಲ್ಸ್ ಎಡ್ಮಂಡ್ಸ್ ಎಂಬ ಬ್ರಿಟಿಷ್ ನೌಕಾ ವೈಮಾನಿಕ ವಿಮಾನದಿಂದ ಟಾರ್ಪೆಡೊ ಬಿಟ್ಟು ಟರ್ಕಿಯ ಹಡಗಿಗೆ ತಾಗಿಸಿದ. 1917ರಲ್ಲಿ ಅಡ್ಮಿರಲ್ ಬೀಟಿ, ಸುಮಾರು 120 ಟಾರ್ಪೆಡೊ ವಿಮಾನಗಳಿಂದ ಜರ್ಮನ್ ನೌಕಾಪಡೆಯನ್ನು ಅದರ ಬಂದರಿನಲ್ಲೇ ಹೊಡೆಯುವ ಯೋಜನೆ ಮುಂದಿಟ್ಟ. ಅದು ನಡೆಯಲಿಲ್ಲ. ಅಂದರೆ ಈ ವಿದ್ಯೆಯಲ್ಲಿ ಬ್ರಿಟನ್ ಎಲ್ಲರಿಗಿಂತ ಮುಂದಿತ್ತು.

1918ರ ಏಪ್ರಿಲ್ 1ರಂದು ಭೂಸೇನೆಯ ಮತ್ತು ನೌಕಾಪಡೆಯ ವಿಮಾನದಳಗಳನ್ನು ಕೂಡಿಸಿ ರಾಯಲ್ ಏರ್ ಫೋರ್ಸ್ ಕಟ್ಟಲಾಯಿತು. ನೌಕಾಪಡೆಯ ಸುಮಾರು 2,500 ವಿಮಾನಗಳು, 55,000 ಜನ ಅತ್ತ ಹೋದರು. ಹೊಸ ಪಡೆಯ ನಂಬಿಕೆಯೆಲ್ಲ ಶತ್ರುವಿನ ನೆಲದ ಮೇಲೆ ಬಾಂಬು ಹಾಕುವುದರಲ್ಲಿತ್ತು. ಬಾಂಬರನ್ನು ಯಾರೂ ತಡೆಯಲಾರರು ಎಂಬರ್ಥದ ಮಾತನ್ನು ಬಾಲ್ಡ್‌ವಿನ್ 1932ರಲ್ಲಿ ಸಂಸತ್ತಿನಲ್ಲೇ ಆಡಿದರು. ಹಡಗಿನಿಂದ ಹಾರುವ ವಿಮಾನ ಮಲಮಗುವಾಯಿತು. ಅದು ಪೂರ್ಣವಾಗಿ ನೌಕಾಪಡೆಯ ಕೈಗೆ ಮರಳಿದ್ದು 1939ರ ಮೇ ತಿಂಗಳಲ್ಲಿ, ಯುದ್ಧಕ್ಕೆ ಮೂರೂವರೆ ತಿಂಗಳಿರುವಾಗ.

ಆಗ ನೌಕಾಪಡೆಯ ಬಳಿ ಇದ್ದದ್ದು ಫೇರಿ ಸ್ವೋರ್ಡ್‌ಫಿಶ್. ಒಂದರ ಮೇಲೊಂದು ಜೋಡಿ ರೆಕ್ಕೆ, ಲೋಹದ ಹಂದರಕ್ಕೆ ಹೊದಿಸಿದ ಬಟ್ಟೆ, ಮೂವರಿಗೆ ತೆರೆದ ಆಸನ. ವೇಗ ಗಂಟೆಗೆ ಹೆಚ್ಚೆಂದರೆ 220 ಕಿ.ಮೀ. ಜಪಾನಿನ ಒಂಟಿ ರೆಕ್ಕೆಯ ನಕಜಿಮಾ ವಿಮಾನ 370 ಕಿ.ಮೀ. ದಾಟುತ್ತಿತ್ತು.

ಹಾಗಾದರೆ 1918ರ ವಿಲೀನ ಆಗದಿದ್ದರೆ ಬ್ರಿಟನ್ನಿಗೂ ಅಂಥ ವಿಮಾನ ಸಿಗುತ್ತಿತ್ತೇ? ಹಲವರು ಹೌದೆನ್ನುತ್ತಾರೆ. ಉತ್ತರ ಅಷ್ಟು ಸಲೀಸಲ್ಲ. ಸ್ವೋರ್ಡ್‌ಫಿಶ್‌ಗೆ ಬದಲಿಯಾಗಿ 1938ರಲ್ಲಿ ಹಾರಿದ ಆಲ್ಬಕೋರ್ ಕೂಡ ಜೋಡಿ ರೆಕ್ಕೆಯದೇ. ಕಾರಣದ ಒಂದು ಭಾಗ ಭೌತವಿಜ್ಞಾನದಲ್ಲಿದೆ. ರೆಕ್ಕೆಯ ವಿಸ್ತಾರ ಹೆಚ್ಚಿದಷ್ಟೂ ಕಡಿಮೆ ವೇಗದಲ್ಲೇ ವಿಮಾನವನ್ನು ಎತ್ತುವ ಬಲ ದೊರೆಯುತ್ತದೆ. 730 ಕಿಲೋ ತೂಕದ ಟಾರ್ಪೆಡೊ ಹೊತ್ತು ಹಡಗಿನ ಗಿಡ್ಡ ಅಟ್ಟದಿಂದ ಏರಲು ಅದು ಬೇಕು. ಮೇಲಾಗಿ, ಅಂದಿನ ಟಾರ್ಪೆಡೊವನ್ನು ನೀರಿನ ಸಮೀಪ ಇಳಿದು, ನಿಧಾನವಾಗಿ ಹಾರುತ್ತ ಬಿಡಬೇಕಿತ್ತು. ವೇಗವಾಗಿ ಬಿಟ್ಟರೆ ಅದು ಮುರಿಯುತ್ತಿತ್ತು ಇಲ್ಲವೇ ದಿಕ್ಕು ತಪ್ಪುತ್ತಿತ್ತು. ವೇಗದ ವಿಮಾನಕ್ಕೆ ಆ ಪೆಟ್ಟು ತಾಳುವ ಟಾರ್ಪೆಡೊ ಬೇಕು. ಜಪಾನೀಯರು ಎರಡನ್ನೂ ಜೊತೆಜೊತೆಗೆ ಬೆಳೆಸಿದರು.

1940ರ ನವೆಂಬರ್ 11ರ ರಾತ್ರಿ ಇಟಲಿಯ ಟಾರಂಟೊ ಬಂದರಿನ ಮೇಲೆ ದಾಳಿಗೆ ಹೊರಟದ್ದು ಬರೀ 21 ಸ್ವೋರ್ಡ್‌ಫಿಶ್‌ಗಳು. ಅಲ್ಲಿ ನೀರಿನ ಆಳ ಸುಮಾರು 12 ಮೀಟರು. ಮೂತಿ ಕೆಳಗಾಗಿ ಧುಮುಕಿದರೆ ಟಾರ್ಪೆಡೊ ಕೆಸರಿಗೆ ನಾಟುವುದು ಖಂಡಿತ. ಇದಕ್ಕೆ ಕಂಡುಕೊಂಡ ಉಪಾಯ ಒಂದು ತಂತಿ! ವಿಮಾನದ ಮೂತಿಯ ಕೆಳಗಿನ ಉರುಳೆಗೆ ಸುತ್ತಿದ ತಂತಿ, ಬೀಳುವ ಟಾರ್ಪೆಡೊದ ಮೂತಿಯನ್ನು ಮೇಲಕ್ಕೆ ಎಳೆದು ಹಿಡಿಯುತ್ತಿತ್ತು. ಕೆರೆಗೆ ಹಾರಿದ ಹುಡುಗ ಹೊಟ್ಟೆಯಡಿಯಾಗಿ ಬಿದ್ದರೆ ಆಳಕ್ಕೆ ಹೋಗುವುದಿಲ್ಲವಲ್ಲ, ಹಾಗೆ. ಮೂರು ಯುದ್ಧನೌಕೆಗಳಿಗೆ ಪೆಟ್ಟು ಬಿತ್ತು. ಕಳೆದುಕೊಂಡ ವಿಮಾನ ಎರಡು. 1941ರ ಮೇ 26ರಂದು ಇದೇ ಬಗೆಯ ವಿಮಾನದ ಟಾರ್ಪೆಡೊ ಜರ್ಮನಿಯ ಬಿಸ್ಮಾರ್ಕ್ ನೌಕೆಯ ಚುಕ್ಕಾಣಿಯನ್ನು ಕಚ್ಚಿಸಿತು. ಮರುದಿನ ಅದು ಮುಳುಗಿತು.

ಇಷ್ಟು ಓದಿ ಹಳೆಯದೇ ಲೇಸು ಎಂದುಕೊಂಡರೆ 1942ರ ಫೆಬ್ರುವರಿ 12 ಅಡ್ಡ ನಿಲ್ಲುತ್ತದೆ. ಅಂದು ಹಗಲಿನಲ್ಲಿ ಇಂಗ್ಲಿಷ್ ಕಾಲುವೆ ದಾಟುತ್ತಿದ್ದ ಜರ್ಮನ್ ನೌಕೆಗಳ ಮೇಲೆ ಹೋದ ಆರು ಸ್ವೋರ್ಡ್‌ಫಿಶ್‌ಗಳಲ್ಲಿ ಒಂದೂ ಹಿಂತಿರುಗಲಿಲ್ಲ. ಹದಿನೆಂಟು ಜನರಲ್ಲಿ ಬದುಕಿದವರು ಐವರು. ಇಪ್ಪತ್ತು ವರ್ಷಗಳ ಉದಾಸೀನದ ಲೆಕ್ಕವನ್ನು ಆ ಹುಡುಗರು ತೀರಿಸಿದರು.

ಬಾಂಬರುಗಳ ಕಡೆಯ ಕಥೆಯಲ್ಲೊಂದು ಸೋಜಿಗವಿದೆ. 1936ರಲ್ಲಿ ವಾಯುಪಡೆ ಹೊಸ ಬಾಂಬರಿಗೆ ಕೊಟ್ಟ ವಿವರಪಟ್ಟಿಯಲ್ಲಿ ಎರಡು ಟಾರ್ಪೆಡೊಗಳಿಗೂ ಜಾಗವಿರಬೇಕೆಂಬ ಷರತ್ತಿತ್ತು. ಅದರಂತೆ ಆವ್ರೊ ಕಂಪನಿ ಉದ್ದನೆಯ, ನಡುವೆ ಅಡ್ಡಿಯಿಲ್ಲದ ಹೊಟ್ಟೆಯ ಮ್ಯಾಂಚೆಸ್ಟರ್ ವಿಮಾನ ಕಟ್ಟಿತು. ಷರತ್ತು ಆಮೇಲೆ ಬಿದ್ದುಹೋಯಿತು. ಎರಡು ಎಂಜಿನ್ನುಗಳ ಮ್ಯಾಂಚೆಸ್ಟರ್ ಸೋತಿತು. ನಾಲ್ಕು ಎಂಜಿನ್ ಹಾಕಿದಾಗ ಅದೇ ಲ್ಯಾಂಕಾಸ್ಟರ್ ಆಯಿತು. ಹೊಟ್ಟೆ ಮಾತ್ರ ಹಾಗೆಯೇ ಉಳಿಯಿತು, ಸುಮಾರು 10 ಮೀಟರು ಉದ್ದ. ಆರು ಮೀಟರಿಗೂ ಮಿಕ್ಕಿ ಉದ್ದದ, 5,400 ಕಿಲೋ ತೂಕದ ಟಾಲ್‌ಬಾಯ್ ಬಾಂಬು ಅಲ್ಲಿ ಹಿಡಿಯಿತು. 1944ರ ನವೆಂಬರ್ 12ರಂದು ನಾರ್ವೆಯ ಟ್ರೊಮ್ಸೊ ಬಳಿ ಬಿಸ್ಮಾರ್ಕ್‌ನ ಒಡಹುಟ್ಟು ನೌಕೆ ಟಿರ್ಪಿಟ್ಸ್ ಮಗುಚಿ ಬಿದ್ದದ್ದು ಆ ಹೊಟ್ಟೆಯಿಂದ ಬಿದ್ದ ಬಾಂಬುಗಳಿಂದಲೇ.